ಬಿಸ್ಕತ್ತಿನ ಕಾರ್ಖಾನೆಯಲ್ಲಿ ಸಂಗಮ್ಮನ ದನಿ

ಹೋದ ತಿಂಗಳು ಹೈದರಾಬಾದಿನ ಮಲ್ಲಾಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶದ ಊಟ ಮುಗಿಸಿ ಆಟೋದಲ್ಲಿ ಮರಳುತ್ತಿದ್ದೆ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ತಿರುವಿಗೆ ಬರುವಷ್ಟರಲ್ಲಿ ಮಳೆ ಜೋರಾಯಿತು. ಆಟೋದವನು ಗಾಡಿ ಬದಿಗೆ ನಿಲ್ಲಿಸಿ, ಪಕ್ಕದ ಪ್ಲಾಸ್ಟಿಕ್ ಪರದೆ ಇಳಿಸಲು ಕೆಳಗಿಳಿದ. ಆಗ ಮೂಗಿಗೆ ಬಡಿಯಿತು ಆ ವಾಸನೆ. ಬೆಣ್ಣೆ, ಸಕ್ಕರೆ, ಜೀರಿಗೆ ಮೂರೂ ಒಟ್ಟಿಗೆ ಬೇಯುವ ವಾಸನೆ. ಪರದೆ ಬೇಡ, ಇರಲಿ ಬಿಡು ಎಂದು ತೆಲುಗಿನಲ್ಲಿ ಹೇಳಿದೆ. ಸೀರೆ ತೊಯ್ಯುತ್ತಿದ್ದರೂ ಪರದೆ ಬೇಡವೆನ್ನುವ ಹೆಂಗಸನ್ನು ಅವನು ಒಮ್ಮೆ ನೋಡಿ, ತನ್ನ ಸೀಟಿಗೆ ಹೋಗಿ ಕೂತ.

ಆ ವಾಸನೆಯಲ್ಲಿ ನಾನು ಇಡೀ ಒಂದು ಆಷಾಢ ಕಳೆದಿದ್ದೇನೆ. ಆಗ ನನ್ನ ಕೂದಲು, ದುಪಟ್ಟಾ, ಟಿಫಿನ್ ಡಬ್ಬಿ ಎಲ್ಲಕ್ಕೂ ಅದೇ ವಾಸನೆ. ಸಂಜೆ ಮನೆಗೆ ಕಾಲಿಟ್ಟರೆ ಅವ್ವ ಅಪ್ಪನಿಗೆ, "ಬಂತು ನೋಡ್ರಿ ಬಿಸ್ಕೀಟಿನ ಡಬ್ಬಿ" ಎನ್ನುತ್ತಿದ್ದಳು. ನಾವು ಗದಗ ಕಡೆಯವರು. ಅಪ್ಪನಿಗೆ ಇಲ್ಲಿಯ ರಕ್ಷಣಾ ಘಟಕವೊಂದರಲ್ಲಿ ನೌಕರಿ ಇದ್ದದ್ದರಿಂದ ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ರಸ್ತೆ ದಾಟಿದರೆ ಹಿಂದಿ.

ಓದು ಮುಗಿದ ಮೇಲೆ ನನ್ನ ಗೆಳತಿಯರೆಲ್ಲ ಕೊಂಡಾಪುರದ ಗಾಜಿನ ಕಟ್ಟಡಗಳಿಗೆ ಕೆಲಸಕ್ಕೆ ಹೋದರು. ನನಗೆ ಸಿಕ್ಕಿದ್ದು ಹಬ್ಸಿಗುಡದಲ್ಲಿ ಟೈರ್ ಅಂಗಡಿಯ ಮೇಲಿದ್ದ ಖಾದರ್ ಸಾಹೇಬರ ಸಣ್ಣ ಕಂಪನಿ. ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಕೇಬಲ್ ಎಳೆದು, ಆ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಗಳನ್ನು ಕೂರಿಸಿಕೊಡುವುದು ನಮ್ಮ ಕಸುಬು. ಖಾದರ್ ಸಾಹೇಬರು ಕೈಯಾರೆ ಕೇಬಲ್ ಎಳೆದೇ ಮೇಲೆ ಬಂದವರು. ತಾಯಿ ರಾಯಚೂರಿನವರಾದ್ದರಿಂದ ಅರೆಬರೆ ಕನ್ನಡ ಬರುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಸ್ವಿಚ್ಚಿನೊಳಗೆ ನಾನು ಮಾಡುವ ಕೆಲಸವನ್ನೆಲ್ಲ "ಛೋಟಾ ಸಾ ಸೆಟ್ಟಿಂಗ್" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಾಚಾರಂನ ಬಿಸ್ಕತ್ತಿನ ಕಾರ್ಖಾನೆಯವರು ಹೊಸ ಕ್ಯಾಮೆರಾಗಳನ್ನೂ ಹೊಸ ಸ್ಪೀಕರುಗಳನ್ನೂ ಹಾಕಿಸಿದರು. ಎರಡೂ ಓಡುವುದು ಒಂದೇ ಸ್ವಿಚ್ಚುಗಳ ಮೇಲೆ. ಅವು ಬಂದದ್ದೇ ತಡ, ಪ್ಯಾಕಿಂಗ್ ಹಾಲಿನಲ್ಲಿ ಪೊಟ್ಟಣಗಳನ್ನು ತೂಗುವ ಯಂತ್ರಗಳು ನಿಂತು ನಿಂತು ಓಡತೊಡಗಿದವು. ತೂಕದ ಯಂತ್ರ ಪ್ರತಿ ಪೊಟ್ಟಣದ ತೂಕವನ್ನು ಆಫೀಸಿನ ಕಂಪ್ಯೂಟರಿಗೆ ಹೇಳಬೇಕು, ಹೇಳಲಾಗದಿದ್ದರೆ ಬೆಲ್ಟು ನಿಲ್ಲುತ್ತದೆ. ಮ್ಯಾನೇಜರ್ ವೇಣುಗೋಪಾಲ್ ಅವರು ವೈಜಾಗ್ ಕಡೆಯವರು, ಮೂಗಿನ ತುದಿಯಲ್ಲೇ ಸಿಟ್ಟು. ಅವರು ಖಾದರ್ ಸಾಹೇಬರಿಗೆ ಫೋನಿನಲ್ಲಿ ಬೈದ ಬೈಗುಳ ಕೆಳಗಿನ ಟೈರ್ ಅಂಗಡಿಗೂ ಕೇಳಿಸಿರಬೇಕು. ಮರುದಿನವೇ ಸಾಹೇಬರು ನನ್ನನ್ನು ಅಲ್ಲಿಗೆ ಕಳಿಸಿದರು.

ರೋಗ ಏನೆಂಬುದು ಹೋದ ದಿನವೇ ಗೊತ್ತಾಯಿತು. ಒಬ್ಬರು ಹೇಳಿದ್ದನ್ನು ಬೇಕಾದ ಹಲವರಿಗೆ ಒಂದೇ ಸಲಕ್ಕೆ ಮುಟ್ಟಿಸುವ ಏರ್ಪಾಡಿಗೆ ನಮ್ಮಲ್ಲಿ ಮಲ್ಟಿಕಾಸ್ಟ್ ಎನ್ನುತ್ತಾರೆ. ಕ್ಯಾಮೆರಾದ ಚಿತ್ರ ಹೋಗುವುದೂ ಹಾಗೆಯೇ, ಸ್ಪೀಕರಿನ ದನಿ ಹೋಗುವುದೂ ಹಾಗೆಯೇ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ನಾವು ಕಲಿಸದಿದ್ದರೆ ಸ್ವಿಚ್ಚಿಗೆ ಅದು ತಿಳಿಯುವುದಿಲ್ಲ. ಕೇಬಲ್ ಸಿಕ್ಕಿಸಿದ ಎಲ್ಲ ಬಾಗಿಲಿಗೂ ಎಲ್ಲವನ್ನೂ ಸುರಿಯುತ್ತದೆ. ಗೇಟಿನ ಕ್ಯಾಮೆರಾ ಕಂಡ ಲಾರಿ, ನಾಯಿ, ಮಳೆ ಎಲ್ಲವೂ ಪಾಪದ ತೂಕದ ಯಂತ್ರದ ತಲೆಯ ಮೇಲೂ ಬೀಳುತ್ತಿದ್ದವು. ಅದು ಬಿಸ್ಕತ್ತು ತೂಗಬೇಕೋ ನಾಯಿ ನೋಡಬೇಕೋ?

ಸ್ವಿಚ್ಚುಗಳ ಕಪಾಟು ಇದ್ದದ್ದು ಪ್ಯಾಕಿಂಗ್ ಹಾಲಿನ ಮೇಲಿನ ಗಾಜಿನ ಕೋಣೆಯಲ್ಲಿ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಅಲ್ಲಿ ಕಪಾಟಿನ ಪಕ್ಕ ಒಂದು ಮೇಜು, ಮೇಜಿನ ಮೇಲೆ ಒಂದು ಮೈಕು, ಅದರ ಮುಂದಿನ ಕುರ್ಚಿಯಲ್ಲಿ ಸಂಗಮ್ಮ. ಐವತ್ತರ ಆಸುಪಾಸಿನ ಹೆಂಗಸು, ಹಣೆ ತುಂಬ ವಿಭೂತಿ. ಇಡೀ ಕಾರ್ಖಾನೆಗೆ ಮಾತು ಮುಟ್ಟಿಸುವ ಕೆಲಸ ಆಕೆಯದು. ಯಾವ ಲೈನಿನ ಬೆಲ್ಟು ನಿಲ್ಲಿಸಬೇಕು, ಯಾವ ಒಲೆಯ ಕಾವು ಇಳಿಸಬೇಕು, ಯಾರ ಮನೆಯಿಂದ ಫೋನು ಬಂದಿದೆ, ಯಾವ ಬಸ್ಸು ಗೇಟಿಗೆ ಬಂತು. ಪ್ರತಿ ಮಾತನ್ನೂ ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲಿ ಹೇಳುವಳು. ಕೆಳಗೆ ಕೆಲಸ ಮಾಡುವವರಲ್ಲಿ ರಾಯಚೂರು, ಯಾದಗಿರಿ ಕಡೆಯವರು ಬಹಳ ಮಂದಿ ಇದ್ದರು.

ನನ್ನ ಫೋನಿನ ಮಾತು ಕೇಳಿ ಆಕೆಯೇ ಮೊದಲು ಮಾತಾಡಿಸಿದಳು.

"ಮೇಡಮ್ನೋರ, ಕನ್ನಡದೋರಾ ನೀವು? ಯಾವ ಊರ್ರಿ?"

"ಗದಗ ರಿ. ಆದ್ರ ಬೆಳದದ್ದೆಲ್ಲಾ ಇಲ್ಲೇ."

"ಹಂಗಂದ್ರ ನಮ್ಮ ಕಡೀ ಮಂದೀನ ಆತಲ್ಲವ್ವಾ" ಎಂದು ಕುರ್ಚಿ ನನ್ನ ಕಡೆ ತಿರುಗಿಸಿದಳು. ಆ ಗಳಿಗೆಯಿಂದ ನಾನು ಮೇಡಮ್ ಹೋಗಿ ಯವ್ವಾ ಆದೆ, ಆಕೆ ನನಗೆ ಸಂಗಮ್ಮಕ್ಕ ಆದಳು.

ಸಂಗಮ್ಮಕ್ಕ ಲಿಂಗಸೂಗೂರು ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದವಳು. ಮಣಿಕೊಂಡದಲ್ಲಿ ಅಪಾರ್ಟ್‌ಮೆಂಟೊಂದು ಏಳುವಾಗ ಮೇಲಿನಿಂದ ಬಿದ್ದು ಬಲಗಾಲಿನ ಪಾದ ಮುರಿಯಿತು. ಒಳಗೆ ಸ್ಟೀಲಿನ ಪಟ್ಟಿ ಹಾಕಿದ್ದಾರೆ, ಕುಂಟುತ್ತ ನಡೆಯಬಲ್ಲಳು, ನಿಂತು ಕೆಲಸ ಮಾಡಲಾರಳು. ಗಂಡ ತೀರಿಕೊಂಡ ಮೇಲೆ ಈ ಕಾರ್ಖಾನೆಯ ಪ್ಯಾಕಿಂಗಿಗೆ ಸೇರಿದಳು. ಅಲ್ಲಿ ನಿಲ್ಲಲಾಗದೆ ಬಿಡುವ ಹಂತಕ್ಕೆ ಬಂದಾಗ, ಮೂರು ಭಾಷೆಯಲ್ಲಿ ಗಂಟೆ ಹೊಡೆದಂತೆ ಮಾತಾಡುವ ಈಕೆಯನ್ನು ಹಿಂದಿನ ಮ್ಯಾನೇಜರ್ ಮೈಕಿನ ಮುಂದೆ ಕೂರಿಸಿದರಂತೆ. ಆ ಕುರ್ಚಿಯೇ ಆಕೆಯ ನೌಕರಿ. ಅದು ಹೋದರೆ ಎಲ್ಲ ಹೋದಂತೆ.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಖಾದರ್ ಸಾಹೇಬರ ಸಲಹೆಯಂತೆ ಮೊದಲು ಪ್ರತಿ ಬಾಗಿಲಿಗೂ ಒಂದು ಮಿತಿ ಹಾಕಿದೆ. ಇಷ್ಟಕ್ಕಿಂತ ಹೆಚ್ಚು ಮಲ್ಟಿಕಾಸ್ಟ್ ಬಂದರೆ ಉಳಿದದ್ದನ್ನು ಚೆಲ್ಲಿಬಿಡು ಎಂದು ಸ್ವಿಚ್ಚಿಗೆ ಹೇಳುವುದು. ಅದೋ ಮೂಢ, ಚಿತ್ರ ಯಾವುದು ದನಿ ಯಾವುದು ಎಂದು ನೋಡದೆ ಚೆಲ್ಲಿತು. "ಎರಡನೇ ಶಿಫ್ಟಿನ ಬಸ್ಸು ಗೇಟಿಗೆ ಬಂದೈತಿ" ಎಂದು ಮೇಲೆ ಹೇಳಿದರೆ ಕೆಳಗೆ "ಎರ... ಫ್ಟಿ... ಸ್ಸು... ತಿ" ಎಂದು ಕೇಳಿಸಿತು. ಸಂಗಮ್ಮಂಗ ಬಿಕ್ಕಳಿಕಿ ಹತ್ಯಾವು ಎಂದು ಹಾಲೆಲ್ಲ ನಗು. ಸಂಗಮ್ಮಕ್ಕನೂ ನಕ್ಕಳು. ನಾನು ನಗಲಿಲ್ಲ.

ಮಿತಿಯನ್ನು ಸಡಿಲಿಸಿ, ಸರಿಯಾದ ಮದ್ದಿಗೆ ಕೈ ಹಾಕಿದೆ. ಅದಕ್ಕೆ ಸ್ನೂಪಿಂಗ್ ಎನ್ನುತ್ತಾರೆ, ಎಂದರೆ ಸ್ವಿಚ್ಚಿಗೇ ಒಂದು ಕಿವಿ ಜೋಡಿಸುವುದು. ಯಾವ ಸ್ಪೀಕರು "ನನಗೆ ಈ ದನಿ ಬೇಕು" ಎನ್ನುತ್ತದೋ ಅದರ ಬಾಗಿಲಿಗೆ ಮಾತ್ರ ದನಿ, ಯಾವ ಯಂತ್ರ ಚಿತ್ರ ಬೇಡುತ್ತದೋ ಅದಕ್ಕೆ ಮಾತ್ರ ಚಿತ್ರ, ಬಾಯಿ ಬಿಡದ ತೂಕದ ಯಂತ್ರಕ್ಕೆ ಏನೂ ಇಲ್ಲ. ಒಂದೊಂದೇ ಸ್ವಿಚ್ಚಿಗೆ ಇದನ್ನು ಹೇಳುತ್ತ ಹೋದಂತೆ ಕೆಳಗೆ ಬೆಲ್ಟುಗಳು ನಿಲ್ಲದೆ ಓಡತೊಡಗಿದವು. ವೇಣುಗೋಪಾಲ್ ಸರ್ ಮೇಲೆ ಬಂದು ಬಿಸಿ ಬಿಸ್ಕತ್ತಿನ ತಟ್ಟೆ ಇಟ್ಟು ಹೋದರು. ಸಂಗಮ್ಮಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಇದರ ವಾಸನಿ ಕುಡದ ಹೊಟ್ಟಿ ತುಂಬತೈತಿ ನಮಗ" ಎಂದು ನನಗೆ ತನ್ನ ಡಬ್ಬಿಯ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಹೊರಗೆ ಬೋನಾಲು ಹಬ್ಬದ ಡೊಳ್ಳು ಮಳೆಯೊಳಗೇ ಬಡಿಯುತ್ತಿತ್ತು. ಅಂಥ ನೆಮ್ಮದಿಯ ದಿನಗಳು ಆಮೇಲೆ ನನ್ನ ನೌಕರಿಯಲ್ಲಿ ಹೆಚ್ಚೇನೂ ಬರಲಿಲ್ಲ.

ಅಷ್ಟರಲ್ಲಿ ದೊಡ್ಡ ಗಿರಾಕಿ ಕಂಪನಿಯೊಂದರವರು ತಪಾಸಣೆಗೆ ಬರುತ್ತಾರೆಂದು ಕಾರ್ಖಾನೆಯಲ್ಲಿ ಗುಡಿಸಿ ಒರೆಸುವ ಗಡಿಬಿಡಿ ಎದ್ದಿತು. ನಮ್ಮ ಕಪಾಟಿನ ತಳದಲ್ಲಿ ಹಳೆಯದೊಂದು ರೌಟರ್ ಇತ್ತು, ಹಿಂದೆ ಇಂಟರ್ನೆಟ್ ಬರುತ್ತಿದ್ದ ಪೆಟ್ಟಿಗೆ. ಇಂಟರ್ನೆಟ್ಟಿಗೆ ಹೊಸ ಪೆಟ್ಟಿಗೆ ಬಂದು ವರ್ಷವಾಗಿದ್ದರೂ ಇದರ ಕೇಬಲ್ ಯಾರೂ ಕಿತ್ತಿರಲಿಲ್ಲ. ಅದರ ಬೆಚ್ಚಗಿನ ಬೆನ್ನಿನ ಮೇಲೆ ಸಂಗಮ್ಮಕ್ಕ ತೊಯ್ದ ಕಾಲುಚೀಲ ಒಣಗಿಸುತ್ತಿದ್ದಳು. ಖಾದರ್ ಸಾಹೇಬರಿಗೆ ಒಂದು ಚಪಲ, ಕೆಲಸ ಮುಗಿದ ಜಾಗದಿಂದ ಹಳೆಯ ಪೆಟ್ಟಿಗೆಯೊಂದನ್ನು ಕೇಳಿ ಇಸಿದುಕೊಂಡು ಹೋಗುವುದು. ಅವರ ಮನೆಯ ಅಟ್ಟದ ತುಂಬ ಅವೇ. ನಾನು ಬೇರೆ ಕಡೆ ಹೋಗಿದ್ದ ದಿನ ಅವರು ಬಂದು, ಇದು ಏನೂ ಕೆಲಸ ಮಾಡುತ್ತಿಲ್ಲ ಎಂದು ಕಾಲುಚೀಲ ಬದಿಗಿಟ್ಟು ರೌಟರನ್ನು ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಶುರುವಾಯಿತು ಕಾಟ. ಸಂಗಮ್ಮಕ್ಕ ಮಾತಾಡಿದ್ದು ಕೆಳಗೆ ಕೇಳಿಸದಾಯಿತು. ಕರೆ ಬಂದ ಕೂಡಲೇ ನಾವು ಹೋಗುವುದು, ಹೋದವರು ನಮ್ಮ ಕಸುಬಿನವರೆಲ್ಲ ಮಾಡುವಂತೆ ಮೊದಲು ಸ್ಪೀಕರುಗಳನ್ನು ಆಫ್ ಮಾಡಿ ಆನ್ ಮಾಡುವುದು, ದನಿ ಸ್ವಚ್ಛವಾಗಿ ಬರುವುದು. ಚಹಾ ಕುಡಿದು ನಾವು ಗೇಟು ದಾಟುವಷ್ಟರಲ್ಲಿ ಮತ್ತೆ ಮೂಕ. "ನಮ್ದು ಎಲ್ಲಾ ಬರೋಬರ್ ಐತಿ ಸಾಬ್" ಎಂದು ಖಾದರ್ ಸಾಹೇಬರು ಎರಡೆರಡು ಸಲ ಹೇಳಿದರು. ನಮ್ಮದು ಸರಿ ಎಂದ ಮೇಲೆ ತಪ್ಪು ಯಾರದಾಗಬೇಕು? ಮೈಕಿನ ಗುಂಡಿ ಒತ್ತುವವಳದು.

ಒಂದು ಮಧ್ಯಾಹ್ನ ಎರಡನೇ ಒಲೆಯ ಕಾವು ಏರುತ್ತಿದೆ, ಇಳಿಸಲು ಹೇಳು ಎಂದು ಆಫೀಸಿನಿಂದ ಸಂಗಮ್ಮಕ್ಕನಿಗೆ ಫೋನು ಬಂತು. ಆಕೆ ಮೂರು ಭಾಷೆಯಲ್ಲೂ ಹೇಳಿದಳು. ಒಲೆಯ ಹಾಲು ಆ ಕೋಣೆಗೆ ಕಾಣುವುದಿಲ್ಲ, ಯಾರಿಗೂ ಕೇಳಿಸಲಿಲ್ಲ ಎಂಬುದು ಆಕೆಗೆ ಗೊತ್ತಾಗಲಿಲ್ಲ. ಇಡೀ ಪಾಳಿಯ ಬಿಸ್ಕತ್ತು ಕರಕಲಾಯಿತು. ವೇಣುಗೋಪಾಲ್ ಸರ್ ಶಿಫ್ಟು ಬದಲಾಗುವ ಹೊತ್ತಿಗೆ ಅಂಗಳದಲ್ಲಿ ಎರಡೂ ಪಾಳಿಯವರ ಎದುರು ಆಕೆಯನ್ನು ನಿಲ್ಲಿಸಿ ಬೈದರು. ಕೂತಲ್ಲಿ ಸಂಬಳ ಎಣಿಸುವವಳು, ಗುಂಡಿ ಒತ್ತಲೂ ಮೈಗಳ್ಳತನ ಎಂದರು. ತಪಾಸಣೆ ಮುಗಿದ ಮೇಲೆ ತಾನಾಗಿಯೇ ಮಾತಾಡುವ ಯಂತ್ರ ತರಿಸುತ್ತೇವೆ, ಈಕೆ ಪ್ಯಾಕಿಂಗಿಗೆ ಹೋಗಲಿ ಎಂದೂ ಹೇಳಿದರು. ಆಕೆ ಕುಂಟುಗಾಲಿನ ಭಾರವನ್ನು ಇನ್ನೊಂದರ ಮೇಲೆ ಹಾಕಿ ನಿಂತೇ ಕೇಳಿದಳು.

ಮರುದಿನ ನಾನು ಹೋದಾಗ ಸಂಗಮ್ಮಕ್ಕ ಮೈಕನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

"ಯವ್ವಾ, ನಾ ಗುಂಡಿ ಒತ್ತೀನಿ. ಕೆಂಪು ಲೈಟು ಹತ್ತೈತಿ. ಅದರಾಚಿ ಏನಾಕ್ಕೈತಿ ನನಗ ಗೊತ್ತಿಲ್ಲ. ಅದು ನಿಮ್ಮ ಕೆಲಸ."

"ನಿಮ್ದೇನೂ ತಪ್ಪಿಲ್ಲಂತ ನನಗ ಗೊತ್ತೈತಿ ಅಕ್ಕಾ."

"ಪ್ಯಾಕಿಂಗ್ನಾಗ ನಿಂತ್ರ ವಾರದಾಗ ಕಾಲು ಬಾತು ಮಲಗತೀನಿ. ಅದು ಇರ್ಲಿ. ಮೈಗಳ್ಳಿ ಅಂದ್ರಲ್ಲ, ಅದ ಭಾಳ ಸುಡಾಕತ್ತೈತಿ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಖಾದರ್ ಸಾಹೇಬರು ಕೆಲಸ ಪೂರ್ತಿಯಾಯಿತೆಂದು ಕಾರ್ಖಾನೆಗೆ ಹೇಳಿಬಿಡೋಣ ಎಂದಾಗ ನಾನು ಟೈರ್ ಅಂಗಡಿಯವರೂ ತಲೆಯೆತ್ತಿ ನೋಡುವಂತೆ ಜಗಳಾಡಿದೆ. "ಬೇಟಿ, ನೀ ಆ ಹೆಂಗಸಿನ ವಕೀಲ ಆಗೀಯೇನು?" ಎಂದರು. ಹೌದೆಂದೆ.

ಆ ಸಂಜೆ ಮಳೆ ಬಿಡಲೆಂದು ಕಾರ್ಖಾನೆಯ ಗೇಟಿನ ವಾಚ್‌ಮನ್ ಕೋಣೆಯಲ್ಲಿ ನಿಂತಿದ್ದೆ. ಗೋಡೆಯ ಮೇಲೆ ಕ್ಯಾಮೆರಾದ ಚಿತ್ರ ತೋರಿಸುವ ಪರದೆ. ಶಿಫ್ಟು ಮುಗಿಸಿದ ಸಂಗಮ್ಮಕ್ಕ ಛತ್ರಿ ಹಿಡಿದು ಕುಂಟುತ್ತ ಅಂಗಳ ದಾಟುತ್ತಿದ್ದಳು. ಬೇವಿನ ಮರದ ಹತ್ತಿರ ಬಂದವಳು ಪರದೆಯಲ್ಲಿ ಹಾಗೆಯೇ ನಿಂತುಬಿಟ್ಟಳು, ಮಳೆಯ ಹನಿಗಳೂ ನಿಂತವು. ಮರುಕ್ಷಣ ನೋಡಿದರೆ ಗೇಟಿನ ಬಳಿ ಇದ್ದಾಳೆ. ಆ ಕಾಲಿನಲ್ಲಿ ಅಷ್ಟು ದೂರ ಹಾರಿ ಬರುವ ಹೆಂಗಸಲ್ಲ ಆಕೆ. ಇದು ಯಾವಾಗಿನಿಂದ ಹೀಗೆ ಎಂದು ವಾಚ್‌ಮನ್‌ನನ್ನು ಕೇಳಿದೆ. ಮೊನ್ನೆ ಮೊನ್ನೆಯಿಂದ ಮೇಡಮ್, ನಾಲ್ಕೈದು ನಿಮಿಷಕ್ಕೊಮ್ಮೆ ಹಿಂಗೆ ಗಕ್ಕನೆ ನಿಲ್ಲುತ್ತದೆ, ಮಳೆಗಿರಬೇಕು ಎಂದ.

ಮಳೆಗಲ್ಲ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಹಾಗಾದರೆ ದನಿ ಮಾತ್ರವಲ್ಲ, ಚಿತ್ರವೂ ಕಡಿದುಹೋಗುತ್ತಿದೆ. ಚಿತ್ರ ತರಿಸುವ ಯಂತ್ರ ಚುರುಕು, ಬರಲಿಲ್ಲವೆಂದರೆ ತಾನೇ ಮತ್ತೆ ಬೇಡುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಸ್ಪೀಕರು ಆನ್ ಆದಾಗ ಒಮ್ಮೆ ಬೇಡಿ ಸುಮ್ಮನಾಗುತ್ತದೆ, ಯಾರಾದರೂ ಕೇಳಿದರೆ ಮಾತ್ರ ಮತ್ತೆ ಬಾಯಿ ಬಿಡುತ್ತದೆ. ಓದುವ ದಿನಗಳಲ್ಲಿ ತಾರ್ನಾಕದಲ್ಲಿ ನಾನು ಊಟ ಮಾಡುತ್ತಿದ್ದ ಖಾನಾವಳಿಯಲ್ಲೂ ಅದೇ ಪದ್ಧತಿ. ಮಾಲಕಿ ದಿನಾ ಬೆಳಿಗ್ಗೆ "ಇವತ್ತು ಊಟಕ್ಕ ಯಾರ್ಯಾರು?" ಎಂದು ಕೇಳಬೇಕು, ಹೂಂ ಎಂದವರಿಗೆ ಎಲೆ. ಮಾಲಕಿ ಕೇಳುವುದನ್ನೇ ಬಿಟ್ಟರೆ ಯಾರೂ ಹೂಂ ಎನ್ನುವುದಿಲ್ಲ, ಯಾರಿಗೂ ಎಲೆ ಬೀಳುವುದಿಲ್ಲ. ನಮ್ಮಲ್ಲೂ ಯಾರೋ ಒಬ್ಬರು ಇಷ್ಟು ದಿನ "ಯಾರ್ಯಾರಿಗೆ ಬೇಕು?" ಎಂದು ಕೇಳುತ್ತಿದ್ದರು, ಈಗ ಕೇಳುತ್ತಿಲ್ಲ. ಕೇಳುತ್ತಿದ್ದದ್ದು ಸಾಹೇಬರು ಒಯ್ದ ಆ ಹಳೆಯ ರೌಟರ್. ಹಿಂದೆಂದೋ ಯಾರೋ ಅದಕ್ಕೆ ಆ ಕೆಲಸ ಹಚ್ಚಿ ಮರೆತಿದ್ದರು.

ಮೆಟ್ಟಿಲು ಹತ್ತಿ ಓಡಿದೆ. ಈ ಸಲ ಯಾವ ಸ್ಪೀಕರನ್ನೂ ಮುಟ್ಟದೆ ಸ್ವಿಚ್ಚನ್ನೇ ಕೇಳಿದೆ, ದನಿ ಯಾರ್ಯಾರಿಗೆ ಬೇಕಾಗಿದೆ ಎಂದು. ಯಾರಿಗೂ ಬೇಡ ಎಂದಿತು. ಕಾರ್ಖಾನೆಯ ತುಂಬ ಸ್ಪೀಕರು, ಒಂದಕ್ಕೂ ಬೇಡವಂತೆ. ಸ್ವಿಚ್ಚೇ ಆಗಾಗ ಕೇಳುತ್ತಿರಲಿ ಎಂದು ಒಂದೇ ಒಂದು ಸಾಲು ಬರೆದೆ. ತುಸು ಹೊತ್ತಿನಲ್ಲಿ ಸ್ಪೀಕರುಗಳ ಹೆಸರು ಒಂದೊಂದಾಗಿ ಪರದೆಗೆ ಬಂದವು. ಚಹಾ ಕುಡಿದು ಬಂದು ನೋಡಿದೆ, ಹಾಗೇ ಇದ್ದವು. ಇನ್ನೊಂದು ಚಹಾ ಕುಡಿದು ಬಂದೆ, ಆಗಲೂ ಇದ್ದವು. ಖಾದರ್ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನಾಳೆ ಮ್ಯಾನೇಜರ್ ಸಾಬ್‌ಗೆ ನಾನೇ ಹೇಳ್ತೀನಿ ಬೇಟಿ" ಎಂದರು. ಆಮೇಲೆ ನನ್ನೆದುರು ಎಂದೂ ಛೋಟಾ ಸಾ ಸೆಟ್ಟಿಂಗ್ ಎನ್ನಲಿಲ್ಲ.

ಹೇಳಿದಂತೆಯೇ ಮರುದಿನ ಸಾಹೇಬರು ಬಂದು, ಗಾಜಿನ ಕೋಣೆಯಲ್ಲಿ ಸಂಗಮ್ಮಕ್ಕನ ಎದುರಿಗೇ, ತಪ್ಪು ನಮ್ಮದು ಎಂದು ಮ್ಯಾನೇಜರಿಗೆ ಒಪ್ಪಿಸಿದರು. ವೇಣುಗೋಪಾಲ್ ಸರ್ ಗಡಿಯಾರ ನೋಡಿಕೊಂಡು, ಸರಿ, ಸಂಗಮ್ಮ ಇಲ್ಲೇ ಇರಲಿ, ಯಂತ್ರ ಬೇಡ ಎಂದು ಮೆಟ್ಟಿಲ ಕಡೆ ತಿರುಗಿದರು. ಕೆಲಸ ಉಳಿಯಿತಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. ಸಂಗಮ್ಮಕ್ಕ ಮಾತ್ರ ಕುರ್ಚಿ ಹಿಡಿದು ಎದ್ದು ನಿಂತಳು. ತೆಲುಗಿನಲ್ಲೇ, ಮೆತ್ತಗಿನ ದನಿಯಲ್ಲಿ, ಬೈದದ್ದು ಎಲ್ಲರೆದುರು ಸರ್, ಇದನ್ನೂ ಎಲ್ಲರಿಗೂ ಹೇಳಿ ಎಂದಳು. ಮೈಕಿನ ಗುಂಡಿಯನ್ನು ಆಕೆಯೇ ಒತ್ತಿದಳು. ಕೆಂಪು ದೀಪ ಹತ್ತಿತು. ಹಾಗೆ ಹತ್ತಿದ ಮೇಲೆ ಸುಮ್ಮನೆ ನಿಲ್ಲುವುದು ಯಾವ ಮ್ಯಾನೇಜರಿಗೂ ಸಾಧ್ಯವಿಲ್ಲ.

ಅವರು ಕೆಮ್ಮಿ, "ಆ ರೋಜು ತಪ್ಪು ಮೆಷಿನ್‌ದಿ. ಸಂಗಮ್ಮದಿ ಕಾದು" ಎಂದರು. ತಪ್ಪು ಯಂತ್ರದ್ದು, ಸಂಗಮ್ಮನದಲ್ಲ. ಅಷ್ಟೇ, ಮುಂದೆ ಒಂದು ಮಾತಿಲ್ಲ. ಪ್ರತಿ ಮಾತನ್ನೂ ಮೂರು ಭಾಷೆಯಲ್ಲಿ ಹೇಳುವುದು ಆಕೆಯ ಕೆಲಸ. ಮೈಕಿನ ಕಡೆ ಬಾಗಿ ಹಿಂದಿಯಲ್ಲಿ ಅದನ್ನೇ, ಅಷ್ಟನ್ನೇ, ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು. ಆಮೇಲೆ ಕನ್ನಡದ ಸರದಿ.

"ಆವತ್ತಿನ ತಪ್ಪು ಮಸೀನಿಂದು, ಸಂಗಮ್ಮಂದಲ್ಲ. ಎಲ್ಲಾರ ಮುಂದ ಆಕೀಗೆ ಮೈಗಳ್ಳಿ ಅಂದದ್ದು ಭಾಳ ತಪ್ಪಾತು, ಹೊಟ್ಟ್ಯಾಗ ಹಾಕ್ಕೊಳ್ಳವ್ವಾ ಅಂತ ಸಾಹೇಬ್ರು ಕೈ ಮುಗದು ಕೇಳಾಕತ್ತಾರ."

ಕೆಳಗೆ ಹಾಲಿನಲ್ಲಿ ನಮ್ಮ ಕಡೆಯವರ ತಲೆಗಳೆಲ್ಲ ಗಾಜಿನತ್ತ ಎದ್ದವು. ಕನ್ನಡದ ಒಂದಕ್ಷರ ತಿಳಿಯದ ವೇಣುಗೋಪಾಲ್ ಸರ್ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಖಾದರ್ ಸಾಹೇಬರು ಕಪಾಟಿನ ಕಡೆ ಮುಖ ತಿರುಗಿಸಿಕೊಂಡರು. ಕನ್ನಡದಲ್ಲಿ ಸ್ವಲ್ಪ ಉದ್ದವಾಯಿತು ಅನ್ನಿಸಿರಬೇಕು, ಸರ್ ನನ್ನನ್ನು ಕೇಳಿದರು.

"ಕರೆಕ್ಟ್‌ಗಾ ಚೆಪ್ಪಿಂದಾ?"

ಸಂಗಮ್ಮಕ್ಕ ನನ್ನ ಕಡೆ ನೋಡಲಿಲ್ಲ, ಗುಂಡಿ ಬಿಟ್ಟು ಮೈಕನ್ನು ಒರೆಸುತ್ತಿದ್ದಳು. ನೀವು ಹೇಳಿದ್ದನ್ನೇ ಹೇಳಿದ್ದಾಳೆ ಸರ್, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ ಎಂದೆ. ಅವರು ಸಮಾಧಾನದಿಂದ ಮೆಟ್ಟಿಲಿಳಿದು ಹಾಲಿನೊಳಗೆ ಹೋದರು. ಅವರ ಸಿಟ್ಟಿಗೆ ಹೆದರಿ ದಿನವೂ ತಲೆ ತಗ್ಗಿಸುತ್ತಿದ್ದ ರಾಯಚೂರಿನ ಹೆಂಗಸರು ಅಂದು ಕೈಗವಸು ತೆಗೆದು ಅವರಿಗೆ ನಮಸ್ಕಾರ ಮಾಡಿದರು. ಯಾಕೆಂದು ಅವರಿಗೆ ತಿಳಿಯಲಿಲ್ಲ. ಒಂದು ಕ್ಷಣ ತಡೆದು, ಅವರೂ ಕೈ ಮುಗಿದರು.